ಗಟ್ಟಿ ಕೆಸರಿನ ಬಿಲ ನೋಡಿ ‘ಇದು ಹಳೇ ಅಳಿವೆ’ ಎಂದು ಹೇಳುವುದು ಹೇಗೆ?

ಪ್ರಶ್ನೆ: ನಾನು ಭೂವಿಜ್ಞಾನದ ವಿದ್ಯಾರ್ಥಿ. ನೆಲ ಕೊರೆದು ತೆಗೆದ ಕಲ್ಲಿನ ಕಂಬ, ಅಂದರೆ ಕೋರ್, ಒಂದರ ಫೋಟೋ ನೋಡಿದೆ. ಕೆಳಗೆ ಕಪ್ಪು ಕೆಸರುಕಲ್ಲು, ಮೇಲೆ ದಪ್ಪ ಮರಳುಗಲ್ಲು. ಮರಳು ತುಂಬಿದ, ಬೆರಳಿನಷ್ಟು ದಪ್ಪದ ಬಿಲಗಳು ಕೆಸರುಕಲ್ಲಿನೊಳಗೆ ಇಳಿದಿವೆ. ಅಡಿಯಲ್ಲಿ ‘ಗಟ್ಟಿ ನೆಲದ ಬಿಲಗಳು, ಸಮುದ್ರ ನುಗ್ಗಿ ಮುಳುಗಿದ ಕಣಿವೆ, ಅಳಿವೆಯ ಮರಳು’ ಎಂದು ಬರೆದಿದ್ದರು. ನಾಲ್ಕು ತೂತು ನೋಡಿ ಇಷ್ಟೆಲ್ಲ ಹೇಳುವುದು ಸುಮ್ನೆ ಊಹೆ ಅಲ್ವಾ?

ಉತ್ತರ: ಊಹೆಯಲ್ಲ. ಆದರೆ ನಿಮ್ಮ ಅನುಮಾನಕ್ಕೂ ಅರ್ಥವಿದೆ. ಆ ಬರಹದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ‘ಗಟ್ಟಿ ನೆಲದ ಬಿಲ’ ಎನ್ನುವುದನ್ನು ಆ ಒಂದು ಫೋಟೋ ಇಟ್ಟುಕೊಂಡೇ ತೋರಿಸಬಹುದು. ‘ಮುಳುಗಿದ ಕಣಿವೆ, ಅಳಿವೆ’ ಎನ್ನಬೇಕಾದರೆ ಅಕ್ಕಪಕ್ಕದ ಕೋರ್‌ಗಳು ಬೇಕು, ಮೇಲಿನ ಮರಳಿನ ಸಾಕ್ಷಿಯೂ ಬೇಕು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ಮೊದಲು ಕೆಸರು. ಈಗಷ್ಟೇ ನೀರಿನಡಿ ಕೂತ ಕೆಸರಿನಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದರಲ್ಲಿ ಬಿಲ ನಿಲ್ಲುವುದಿಲ್ಲ. ಹುಳು ನುಸುಳಿ ಮುಂದೆ ಹೋದ ಕೂಡಲೇ ಹಿಂದಿನ ದಾರಿ ಮುಚ್ಚಿಕೊಳ್ಳುತ್ತದೆ. ಬಿಲ ಬೇಕೇ ಬೇಕು ಎನ್ನುವ ಪ್ರಾಣಿ ಗೋಡೆಗೆ ಲೋಳೆ ಮೆತ್ತಬೇಕು, ಇಲ್ಲವೇ ಮಣ್ಣಿನ ಉಂಡೆ ಮಾಡಿ ಒತ್ತಬೇಕು. ಅದೇ ಕೆಸರಿನ ಮೇಲೆ ಇನ್ನಷ್ಟು ಹೂಳು ಬಿದ್ದು ಭಾರ ಕೂತರೆ ನೀರು ಹಿಂಡಿಹೋಗುತ್ತದೆ, ಕೆಸರು ಬಿಗಿಯುತ್ತದೆ. ಇನ್ನೂ ಕಲ್ಲಾಗಿರುವುದಿಲ್ಲ. ಕುಂಬಾರ ತಿಗುರಿಯಿಂದ ಇಳಿಸಿ ಸ್ವಲ್ಪ ಹೊತ್ತು ನೆರಳಿಗಿಟ್ಟ ಮಡಕೆಯ ಹದ ಅದು. ಉಗುರಿನಿಂದ ಗೀರಿದರೆ ಗೀರು ಹಾಗೇ ಉಳಿಯುತ್ತದೆ.

ಆದರೆ ಆ ಹದಕ್ಕೆ ಬಂದ ಕೆಸರು ಇರುವುದು ಹೂಳಿನಡಿ. ಪ್ರಾಣಿಗೆ ಅದು ಸಿಗಬೇಕಾದರೆ ಮೇಲಿನ ಹೊದಿಕೆ ಕೊಚ್ಚಿಹೋಗಬೇಕು. ನದಿಯೋ, ಅಲೆಯೋ, ಉಬ್ಬರ ಇಳಿತದ ಸೆಳೆತವೋ, ಯಾವುದೋ ಒಂದು ಅದನ್ನು ಕೆತ್ತಿ ತೆಗೆಯಬೇಕು. ಹಾಗಾಗಿ ಕೆಸರುಕಲ್ಲಿನಲ್ಲಿ ಗಟ್ಟಿ ನೆಲದ ಬಿಲ ಸಿಕ್ಕಿತೆಂದರೆ, ಅಲ್ಲಿ ಒಂದಷ್ಟು ಪದರಗಳು ಇದ್ದು ಕಾಣೆಯಾಗಿವೆ ಎಂದೇ ಸಾಮಾನ್ಯವಾಗಿ ತಿಳಿಯಬಹುದು. ಬಿಸಿಲಿಗೆ ಒಣಗಿ ಬಿಗಿದ ಕೆಸರು ಇದಕ್ಕೆ ಅಪವಾದ. ಅದರ ವಿಷಯ ಮುಂದೆ ಬರುತ್ತದೆ.

ಈಗ ನಿಮ್ಮ ಫೋಟೋಗೆ ಬನ್ನಿ. ಮೊದಲು ಬಿಲದ ಅಂಚು ನೋಡಿ. ಕೆಸರು ಮತ್ತು ಮರಳಿನ ನಡುವೆ ಗೆರೆ ಎಳೆದಂತೆ ಚೂಪಾಗಿ ಕಂಡರೆ, ಗೋಡೆಗೆ ಯಾವ ಲೇಪವೂ ಇಲ್ಲದಿದ್ದರೆ, ಆ ಬಿಲ ಆಸರೆ ಇಲ್ಲದೆ ತಾನೇ ನಿಂತಿತ್ತು ಎಂದಾಯಿತು. ಕೆಲವೊಮ್ಮೆ ಬಿಲದ ಮರಳಿನ ಹೊರಮೈ ಮೇಲೆ ಸಣ್ಣ ಸಣ್ಣ ಗೀರುಗಳು ಸಿಗುತ್ತವೆ. ಏಡಿ, ಸೀಗಡಿ ಜಾತಿಯ ಪ್ರಾಣಿ ಕಾಲಿನಿಂದ ಕೆರೆದ ಗುರುತು ಅದು. ಮೆತ್ತನೆ ಕೆಸರಿನಲ್ಲಿ ಅಂಥ ಗೀರು ಒಂದು ಗಳಿಗೆಯೂ ಉಳಿಯುವುದಿಲ್ಲ. ಕೋಟ್ಯಂತರ ವರ್ಷ ಉಳಿದಿದೆ ಎಂದರೆ ಕೆರೆಯುವ ಹೊತ್ತಿಗೇ ಕೆಸರು ಬಿಗಿದಿತ್ತು. ಇದಕ್ಕಿಂತ ನೇರವಾದ ಸಾಕ್ಷಿ ಇನ್ನೊಂದಿಲ್ಲ.

ಇಲ್ಲಿ ಒಂದು ಕಡೆ ಎಡವುವವರು ಜಾಸ್ತಿ. ‘ಬಿಲದ ಅಡ್ಡಕೊಯ್ತ ದುಂಡಗಿದೆ, ಚಪ್ಪಟೆಯಾಗಿಲ್ಲ, ಹಾಗಾಗಿ ಗಟ್ಟಿ ನೆಲ’ ಎಂದು ಬರೆದುಬಿಡುತ್ತಾರೆ. ಸಾಲದು. ಮರಳು ತುಂಬಿದ ಕೊಳವೆ ಮೆತ್ತನೆ ಕೆಸರಿನಲ್ಲೂ ಸುಮಾರಾಗಿ ದುಂಡಗೇ ಉಳಿಯುತ್ತದೆ, ಏಕೆಂದರೆ ಮರಳು ಕೆಸರಿನಷ್ಟು ಕುಗ್ಗುವುದಿಲ್ಲ. ನೋಡಬೇಕಾದ್ದು ಬಿಲದ ಪಕ್ಕದ ತೆಳು ಪದರಗಳನ್ನು. ಆ ಗೆರೆಗಳು ಬಿಲದ ಸುತ್ತ ಬಾಗಿ, ಮೇಲೆ ಹತ್ತಿ ಕೆಳಗಿಳಿದಿದ್ದರೆ, ಬಿಲ ತುಂಬಿದ ಮೇಲೆ ಕೆಸರು ಕುಗ್ಗಿದೆ. ಬಿಲ ತೋಡಿದಾಗ ಅದು ಮೆತ್ತಗಿತ್ತು. ಗೆರೆಗಳು ನೇರವಾಗಿ ಬಂದು ಬಿಲದ ಅಂಚಿನಲ್ಲಿ ಕಡಿದುಹೋಗಿದ್ದರೆ, ಕುಗ್ಗುವ ಕೆಲಸ ಬಹುಪಾಲು ಮೊದಲೇ ಮುಗಿದಿತ್ತು. ಫೋಟೋವನ್ನು ದೊಡ್ಡದು ಮಾಡಿ ಈ ಒಂದು ಅಂಶ ನೋಡಿ. ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಆಮೇಲೆ ಒಳಗಿನ ಮರಳು. ಅದು ಮೇಲಿನ ಮರಳುಗಲ್ಲಿನದೇ ಮರಳಾ? ಕೆಲವು ಕಡೆ ಹೌದು. ಕೆಲವು ಕಡೆ ಬಿಲದೊಳಗೆ ದಪ್ಪ ಮರಳು, ಸಣ್ಣ ಬೆಣಚುಗಳು, ಚಿಪ್ಪಿನ ಚೂರುಗಳು ಇರುತ್ತವೆ, ಮೇಲೆ ಮಾತ್ರ ನುಣ್ಣನೆ ಮರಳು. ಇದು ನನಗೆ ಬಹಳ ಇಷ್ಟವಾದ ಸಂಗತಿ. ಬಿಲ ತೆರೆದೇ ಇದ್ದಾಗ ದಪ್ಪ ಮರಳಿನ ಒಂದು ಹಾಸು ಮೇಲೆ ಹಾದುಹೋಗಿದೆ, ಬಿಲಗಳಿಗೆ ಉದುರಿದೆ, ಆಮೇಲೆ ಆ ಹಾಸು ಪೂರ್ತಿ ಕೊಚ್ಚಿಹೋಗಿದೆ. ಆ ಹಾಸಿನದೆಂದು ಈಗ ಉಳಿದಿರುವುದು ಬಿಲದೊಳಗಿನ ಮರಳು ಮಾತ್ರ. ಚಂಡಮಾರುತ ತಂದ ಮರಳು ಹೀಗೆ ಬಿಲಗಳಲ್ಲಷ್ಟೇ ಉಳಿದ ಉದಾಹರಣೆಗಳಿವೆ.

ಕೋರ್ ನೋಡುವಾಗ ಇನ್ನೊಂದು ತೊಡಕಿದೆ. ಕೋರ್‌ನ ಅಗಲ ಸಾಮಾನ್ಯವಾಗಿ ಹತ್ತು ಸೆಂಟಿಮೀಟರ್ ಅಥವಾ ಅದಕ್ಕೂ ಕಡಿಮೆ. ಸೀಗಡಿ ಜಾತಿಯವು ತೋಡುವ ಕವಲು ಬಿಲದ ಜಾಲವೇ ಅದಕ್ಕಿಂತ ಎಷ್ಟೋ ಅಗಲ. ಹಾಗಾಗಿ ಮೇಲ್ಮೈಗೆ ಸೇರಿದ ಬಾಯಿ ಕೋರ್‌ಗೆ ಸಿಗದೇ ಹೋಗಬಹುದು. ಕೆಸರುಕಲ್ಲಿನ ನಡುವೆ, ಯಾವುದಕ್ಕೂ ಸಂಬಂಧವಿಲ್ಲದಂತೆ, ಒಂದೆರಡು ಸೆಂಟಿಮೀಟರ್‌ನ ಮರಳಿನ ವೃತ್ತಗಳು ಮಾತ್ರ ಕಾಣುತ್ತವೆ. ಅವನ್ನು ಕೆಸರಿನ ಜೊತೆಯಲ್ಲೇ ಕೂತ ಮರಳಿನ ತುಣುಕು ಎಂದುಕೊಂಡರೆ ಕಥೆಯೇ ಬದಲಾಗುತ್ತದೆ. ಆ ವೃತ್ತದ ಮರಳಿನ ಕಣ ಮತ್ತು ಮೇಲಿನ ಮರಳಿನ ಕಣ ಎರಡನ್ನೂ ಭೂತಗನ್ನಡಿಯಲ್ಲಿ ಹೋಲಿಸಿ ನೋಡಬೇಕು.

ಈ ಬಿಲಗಳಿಗೆ ಹೆಸರುಗಳಿವೆ. ನೆಟ್ಟಗೆ ಇಳಿದ ಒಂಟಿ ಕೊಳವೆ ಸ್ಕೋಲಿಥಾಸ್. ಯು ಆಕಾರದ್ದು ಅರೆನಿಕೊಲೈಟಿಸ್. ಯು ಆಕಾರದ ಎರಡು ಕೈಗಳ ನಡುವೆ, ಬಿಲ ಜರುಗಿದ ಗುರುತಾಗಿ ಬಾಗಿದ ಗೆರೆಗಳಿದ್ದರೆ ಡಿಪ್ಲೊಕ್ರಟೇರಿಯನ್. ಅದೇ ಓರೆಯಾಗಿ ಅಥವಾ ಅಡ್ಡಲಾಗಿ ಮಲಗಿದ್ದರೆ ರೈಜೊಕೊರಾಲಿಯಮ್. ಕವಲೊಡೆದ ಜಾಲ ಥಲಸಿನಾಯ್ಡಿಸ್. ಚಿಪ್ಪುಜೀವಿ ಕೊರೆದ ಸೀಸೆಯಾಕಾರದ ಗುಂಡಿ ಗ್ಯಾಸ್ಟ್ರೊಕೀನೊಲೈಟಿಸ್. ಗಟ್ಟಿ ಕೆಸರಿನಲ್ಲಿ ಜೊತೆಯಾಗಿ ಸಿಗುವ ಇಂಥ ಗುಂಪಿಗೆ ಜರ್ಮನಿಯ ಪಳೆಯುಳಿಕೆ ತಜ್ಞ ಅಡಾಲ್ಫ್ ಸೈಲಾಖರ್ 1967ರಲ್ಲಿ ಗ್ಲೊಸಿಫಂಜೈಟಿಸ್ ಗುಂಪು ಎಂದು ಹೆಸರಿಟ್ಟರು. ಈಗಲೂ ಅದೇ ಹೆಸರು ನಡೆಯುತ್ತಿದೆ.

ಹೆಸರು ಹಚ್ಚುವ ಆತುರ ಬೇಡ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇರುತ್ತೇನೆ. ಇವು ಬಿಲದ ಆಕಾರದ ಹೆಸರುಗಳು, ಪ್ರಾಣಿಯ ಹೆಸರಲ್ಲ. ಒಂದೇ ಜಾತಿಯ ಸೀಗಡಿ ಸಡಿಲ ಮರಳಿನಲ್ಲಿ ಗೋಡೆಗೆ ಉಂಡೆ ಮೆತ್ತಿ ಬಿಲ ಕಟ್ಟಬಹುದು. ಆಗ ಹೆಸರು ಒಫಿಯೊಮಾರ್ಫ. ಬಿಗಿದ ಕೆಸರಿನಲ್ಲಿ ಲೇಪವಿಲ್ಲದೆ ತೋಡಿದರೆ ಥಲಸಿನಾಯ್ಡಿಸ್. ಪ್ರಾಣಿ ಅದೇ, ನೆಲ ಬೇರೆ. ನಮಗೆ ಬೇಕಾಗಿರುವುದೂ ನೆಲದ ಸುದ್ದಿಯೇ ತಾನೇ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಟ್ಟಿ ನೆಲದ ಬಿಲ ಕೆಳಗಿನ ಕೆಸರಿನ ಕಾಲದ್ದಲ್ಲ. ಮೇಲಿನ ಮರಳಿನ ಕಾಲದ್ದು ಎಂದೂ ಹೇಳುವ ಹಾಗಿಲ್ಲ. ಅದು ಇವೆರಡರ ನಡುವಿನದು. ಕೆಸರು ಕೂತಿದ್ದು ಒಂದು ಕಾಲ. ಅದು ಹೂತು, ಬಿಗಿದು, ಕೆತ್ತಿಹೋಗಿದ್ದು ಇನ್ನೊಂದು. ಆಮೇಲೆ ಮರಳು ಬಂದು ಮುಚ್ಚಿದ್ದು ಮತ್ತೊಂದು. ಕೆತ್ತಿದ ಮೇಲೆ, ಮುಚ್ಚುವ ಮೊದಲು, ಆ ನೆಲ ಬರಿದಾಗಿ ಬಿದ್ದಿತ್ತು. ಆ ಹೊತ್ತಿನಲ್ಲಿ ಅಲ್ಲಿ ಯಾವ ಪದರವೂ ಕೂರಲಿಲ್ಲ. ಬೇರೆ ಯಾವ ದಾಖಲೆಯೂ ಇಲ್ಲದ ಆ ಕಾಲದಲ್ಲಿ ಅಲ್ಲಿ ಎಂಥ ನೀರು ನಿಂತಿತ್ತು ಎನ್ನುವುದಕ್ಕೆ ಸಾಕ್ಷಿ ಈ ಬಿಲಗಳೇ.

ಒಂದೇ ಅಂಗೈಯಗಲದ ಕಲ್ಲಿನಲ್ಲಿ ಈ ಮೂರೂ ಕಾಲ ಒಂದರ ಮೇಲೊಂದು ಕಾಣುವುದುಂಟು. ಕೆಸರುಕಲ್ಲಿನಲ್ಲಿ ಮೊದಲಿನ, ಚಪ್ಪಟೆಯಾದ, ಅಂಚು ಕಲಸಿಹೋದ ಬಿಲಗಳು. ಅವನ್ನು ಕಡಿದುಕೊಂಡು ಇಳಿದ ಚೂಪು ಅಂಚಿನ ಮರಳುಬಿಲ. ಆ ಬಿಲದ ಮರಳಿನೊಳಗೇ ತೂರಿದ ಇನ್ನೂ ಸಣ್ಣ ಬಿಲ. ಯಾವುದು ಯಾವುದನ್ನು ಕಡಿದಿದೆ ಎಂದು ನೋಡಿದರೆ ಮೊದಲು ಯಾವುದು, ಆಮೇಲೆ ಯಾವುದು ಎಂದು ತಿಳಿಯುತ್ತದೆ. ಇವೆಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ ‘ಇಲ್ಲಿ ಆರು ಬಗೆಯ ಬಿಲಗಳಿವೆ, ಜೀವಿಗಳ ವೈವಿಧ್ಯ ಜಾಸ್ತಿ, ಹಾಗಾಗಿ ತೆರೆದ ಸಮುದ್ರ’ ಎಂದುಬಿಟ್ಟರೆ ಲೆಕ್ಕ ಕೆಟ್ಟಿತು. ಬೇರೆ ಬೇರೆ ಕಾಲದ ಬಾಡಿಗೆದಾರರನ್ನು ಒಂದೇ ಮನೆಯವರೆಂದು ಎಣಿಸಿದ ಹಾಗಾಗುತ್ತದೆ.

ಇದಕ್ಕೂ ಅಳಿವೆಗೂ ಸಂಬಂಧ ಏನು? ಸಮುದ್ರಮಟ್ಟ ಇಳಿದಾಗ ನದಿಗಳು ಕರಾವಳಿಯ ಹಳೇ ಸಮುದ್ರತಳವನ್ನೇ ಕೊರೆದು ಕಣಿವೆ ಮಾಡಿಕೊಳ್ಳುತ್ತವೆ. ಮಟ್ಟ ಮತ್ತೆ ಏರಿದಾಗ ಆ ಕಣಿವೆಗೆ ಸಮುದ್ರ ನುಗ್ಗುತ್ತದೆ. ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆ ಹುಟ್ಟುತ್ತದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಮೆರಿಕದ ಚೆಸಪೀಕ್ ಕೊಲ್ಲಿ ಎಂದರೆ ಆಗ ಸಸ್ಕ್ವೆಹಾನಾ ನದಿ ಹರಿಯುತ್ತಿದ್ದ ಕಣಿವೆ, ಈಗ ಮುಳುಗಿದೆ. ಪ್ರಪಂಚದ ಎಷ್ಟೋ ಅಳಿವೆಗಳ ಹುಟ್ಟು ಹೀಗೇ.

ಕಣಿವೆ ಕೊರೆದಿದ್ದು ನದಿ. ಅದರ ತಳ, ಗೋಡೆ ಎರಡೂ ಬಿಗಿದ ಹಳೇ ಕೆಸರು. ಆದರೆ ನದಿ ಹರಿಯುತ್ತಿರುವಷ್ಟು ಕಾಲ ಥಲಸಿನಾಯ್ಡಿಸ್, ಡಿಪ್ಲೊಕ್ರಟೇರಿಯನ್‌ನಂಥ ಬಿಲ ತೋಡುವ ಪ್ರಾಣಿಗಳು ಅಲ್ಲಿಗೆ ಬರುವುದಿಲ್ಲ. ಅವಕ್ಕೆ ಉಪ್ಪಿನಂಶ ಬೇಕು. ಹಾಗಾಗಿ ಕಣಿವೆಯ ತಳದ ಮೇಲೆ ಅಂಥ ಬಿಲಗಳು ಸಿಕ್ಕರೆ, ಮರಳು ಬಂದು ಮುಚ್ಚುವ ಮೊದಲೇ ಅಲ್ಲಿಗೆ ಉಪ್ಪುನೀರು ತಲುಪಿತ್ತು ಎಂದಾಗುತ್ತದೆ. ಕೋರ್‌ನಲ್ಲಿ ಕೆಸರು, ಮರಳು ಸೇರುವಲ್ಲಿ ನೋಡಲು ಒಂದೇ ಗೆರೆ, ಆದರೆ ಅದರಲ್ಲಿ ಎರಡು ಘಟನೆ: ಸಮುದ್ರ ಇಳಿದಾಗಿನ ಕೊರೆತ, ಏರಿದಾಗಿನ ಮುಳುಗಡೆ. ಬಿಲಗಳು ಇಲ್ಲದಿದ್ದರೆ ಎರಡನೆಯದು ಇದೇ ಗೆರೆಯಲ್ಲಿದೆ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಕಣಿವೆಯುದ್ದಕ್ಕೂ ಒಳನಾಡಿನ ಕಡೆ ಹೋಗುತ್ತಾ ಬಿಲಗಳು ಎಲ್ಲಿ ನಿಲ್ಲುತ್ತವೆ ಎಂದು ಗುರುತಿಸಿದರೆ, ಆ ನೆಲ ಬರಿದಾಗಿದ್ದಾಗ ಉಪ್ಪುನೀರು ಸುಮಾರು ಎಲ್ಲಿವರೆಗೆ ಬರುತ್ತಿತ್ತು ಎನ್ನುವ ಅಂದಾಜೂ ಸಿಗುತ್ತದೆ.

ಈ ತರ್ಕ ಚೆನ್ನಾಗಿ ಬೆಳೆದದ್ದು ಕೆನಡಾದ ಆಲ್ಬರ್ಟಾದಲ್ಲಿ. ಅಲ್ಲಿನ ವೈಕಿಂಗ್ ಶಿಲಾಸ್ತರ ಸುಮಾರು 10 ಕೋಟಿ ವರ್ಷ ಹಳೆಯದು. ಕ್ರಿಸ್ಟಲ್, ವಿಲ್ಸ್‌ಡನ್ ಗ್ರೀನ್ ತೈಲಕ್ಷೇತ್ರಗಳಲ್ಲಿ ತೈಲ ಇರುವುದು ಇಂಥ ಮುಳುಗಿದ ಕಣಿವೆಗಳನ್ನು ತುಂಬಿದ ಮರಳಿನಲ್ಲಿ. ತೈಲಕ್ಕಾಗಿ ಕೊರೆದ ಕೋರ್‌ಗಳು ಅಲ್ಲಿ ರಾಶಿ ರಾಶಿ ಇದ್ದವು. ಭೂವಿಜ್ಞಾನಿಗಳಾದ ಜಾರ್ಜ್ ಪೆಂಬರ್ಟನ್, ಜೇಮ್ಸ್ ಮ್ಯಾಕೀಚರ್ನ್ ಮತ್ತು ಅವರ ಜೊತೆಗಾರರು ಅವುಗಳಲ್ಲಿ ಗಟ್ಟಿ ನೆಲದ ಬಿಲಗಳನ್ನು ಗುರುತಿಸಿ, ಕೊರೆತದ ಮೇಲ್ಮೈಗಳನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಹಿಂಬಾಲಿಸಿದರು. ಈ ಕೆಲಸ ಮುಖ್ಯವಾಗಿ 1990ರ ದಶಕದ ಮೊದಲ ವರ್ಷಗಳದ್ದು. ಬಿಲ ಎಂದರೆ ಕಪಾಟಿನಲ್ಲಿಡುವ ಕುತೂಹಲದ ವಸ್ತು ಎನ್ನುತ್ತಿದ್ದವರು ಆಮೇಲೆ ಅದನ್ನು ತೈಲ ಹುಡುಕುವ ಸಲಕರಣೆ ಎಂದು ಒಪ್ಪಿಕೊಂಡರು.

ಈಗಿನ ಕಾಲದ ಉದಾಹರಣೆ ಬೇಕೆಂದರೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ವಿಲ್ಲಾಪಾ ಕೊಲ್ಲಿ ಇದೆ. ಅದೊಂದು ಜೀವಂತ ಅಳಿವೆ. ಅದರ ದಡದ ದಿಬ್ಬಗಳು ಪ್ಲೀಸ್ಟೊಸೀನ್ ಕಾಲದ, ಎಂದರೆ ಕಡಿಮೆ ಎಂದರೂ ಹತ್ತು ಸಾವಿರ ವರ್ಷಕ್ಕೂ ಹಿಂದಿನ ಅಳಿವೆಯ ಕೆಸರು, ಮರಳು. ಇಂದಿನ ಅಲೆ, ಇಂದಿನ ಸೆಳೆತ ಆ ಹಳೇ ಕೆಸರನ್ನು ಕೆತ್ತಿ ಬರಿದು ಮಾಡಿವೆ. ಅದರಲ್ಲಿ ಈಗ ಪೆಟ್ರಿಕೋಲಾ ಎನ್ನುವ ಚಿಪ್ಪುಜೀವಿ ಗುಂಡಿ ಕೊರೆಯುತ್ತದೆ, ಯುಪೊಜೀಬಿಯ ಎನ್ನುವ ಕೆಸರು ಸೀಗಡಿ ಬಿಲ ತೋಡುತ್ತದೆ. ಕೆಸರು ಪ್ಲೀಸ್ಟೊಸೀನ್ ಕಾಲದ್ದು, ಬಿಲ ಈ ವರ್ಷದ್ದು. ಮುಂದೊಂದು ದಿನ ಇದು ಕಲ್ಲಾದರೆ ನೋಡುವವರಿಗೆ ಎರಡೂ ಒಂದೇ ಅಂಗೈಯಗಲದಲ್ಲಿ ಸಿಗುತ್ತವೆ. ಭೂವಿಜ್ಞಾನಿ ಮರ್ರೆ ಜಿಂಗ್ರಾಸ್ ಮತ್ತು ಜೊತೆಗಾರರು ಇಲ್ಲಿ ಮಾಡಿದ ಅಧ್ಯಯನದಲ್ಲಿ ನೆಲ ಎಷ್ಟು ಬಿಗಿಯಾಗಿದೆ, ಮರಳಿನಂಶ ಎಷ್ಟಿದೆ, ಉಬ್ಬರದ ಮಟ್ಟದಲ್ಲಿ ಜಾಗ ಎಲ್ಲಿದೆ ಎನ್ನುವುದರ ಮೇಲೆ ಯಾವ ಪ್ರಾಣಿ ನೆಲೆಸುತ್ತದೆ ಎಂಬುದು ಬದಲಾಗುವುದನ್ನು ನೋಡಿದರು. ಜಾರ್ಜಿಯಾ ರಾಜ್ಯದ ಕರಾವಳಿಯಲ್ಲೂ ಹೀಗೇ. ಮರಳಿನ ದ್ವೀಪಗಳು ಒಳಗೆ ಸರಿದಾಗ, ಅವುಗಳ ಹಿಂದಿದ್ದ ಹಳೇ ಜೌಗಿನ ಕೆಸರು ಬೀಚಿನಲ್ಲಿ ಬಂದು ತೆರೆದುಕೊಳ್ಳುತ್ತದೆ. ಅಲ್ಲಿಯೂ ಪೆಟ್ರಿಕೋಲಾ ಹಾಜರು.

ಆದರೆ ಗಟ್ಟಿ ನೆಲ ಇದ್ದಲ್ಲೆಲ್ಲ ಮುಳುಗಿದ ಕಣಿವೆ ಇದೆ ಎಂದು ಹೊರಟರೆ ತಪ್ಪಾಗುತ್ತದೆ. ಅಳಿವೆಯೊಳಗೇ ಉಬ್ಬರದ ತೊರೆಗಳು ಪಕ್ಕಕ್ಕೆ ಸರಿಯುತ್ತಾ ತಮ್ಮದೇ ದಡವನ್ನು ಕೊರೆಯುತ್ತವೆ. ಹಾಗೆ ಕೊರೆದಾಗ ಅಡಿಯ ಬಿಗಿದ ಕೆಸರು ಬರಿದಾಗುತ್ತದೆ, ಬಿಲಗಳೂ ಬರುತ್ತವೆ. ಇದಕ್ಕೆ ಸಮುದ್ರಮಟ್ಟ ಒಂದಿಷ್ಟೂ ಬದಲಾಗಬೇಕಿಲ್ಲ, ಸಾವಿರಾರು ವರ್ಷ ಕಾಯಬೇಕಿಲ್ಲ. ಜಿಂಗ್ರಾಸ್ ತಂಡ ವಿಲ್ಲಾಪಾದಲ್ಲೇ ಅಂಥ ತೊರೆಗಳ ಕೆಸರಿನ ಬಿಗಿ ಅಳೆದು, ಈ ಬಿಲಗಳು ಎಷ್ಟು ಕಾಲವನ್ನು ಸೂಚಿಸುತ್ತವೆ ಎನ್ನುವ ಪ್ರಶ್ನೆಯನ್ನು 2000ದಲ್ಲಿ ಎತ್ತಿತು. ಒಂದು ಕೋರ್‌ನಲ್ಲಿ ತೊರೆಯ ಕೊರೆತವೂ ಕಣಿವೆಯ ಕೊರೆತವೂ ಒಂದೇ ತರ ಕಾಣುತ್ತವೆ. ಬೇರ್ಪಡಿಸುವ ದಾರಿ ಎಂದರೆ ಅಕ್ಕಪಕ್ಕ ನೋಡುವುದು. ಮೇಲ್ಮೈ ಹತ್ತಾರು ಕಿಲೋಮೀಟರ್ ಸಾಗುತ್ತದಾ? ಅದರ ಕೆಳಗೆ ತೆರೆದ ಕಡಲಿನ ಕೆಸರು, ಮೇಲೆ ಅಳಿವೆಯ ಮರಳು ಹೀಗೆ ದೊಡ್ಡ ಜಿಗಿತ ಇದೆಯಾ? ಹಾಗಿದ್ದರೆ ಕಣಿವೆಯ ವಾದಕ್ಕೆ ಬಲ ಬರುತ್ತದೆ. ಕೆಳಗೂ ಮೇಲೂ ಅಳಿವೆಯದೇ ಕೆಸರಿದ್ದರೆ ತೊರೆ ಎನ್ನುವುದೇ ಸುಲಭದ ವಿವರಣೆ.

ಒಣಗಿದ ಕೆಸರಿನ ಮಾತು ಬಾಕಿ ಇತ್ತಲ್ಲ. ನದಿಯ ನೆರೆಬಯಲಿನಲ್ಲೂ, ಕೆರೆಯಂಚಿನಲ್ಲೂ ಕೆಸರು ಬಿಸಿಲಿಗೆ ಬಿಗಿಯುತ್ತದೆ. ಅಲ್ಲಿ ಕೀಟಗಳು, ಸಿಹಿನೀರಿನ ಸೀಗಡಿ ಬಳಗದವು ತೋಡುವ ಬಿಲಕ್ಕೂ ಗೀರುಗಳಿರುತ್ತವೆ. ಹಾಗಾಗಿ ಗೀರು ಕಂಡ ತಕ್ಷಣ ಸಮುದ್ರ ಎನ್ನಬೇಡಿ. ಗೀರು ಬಿಗಿಯನ್ನು ಮಾತ್ರ ಹೇಳುತ್ತದೆ, ಉಪ್ಪನ್ನಲ್ಲ. ಬಿರುಕು, ಬೇರಿನ ಗುರುತು, ಕೆಂಪು ಮಣ್ಣಿನ ಬಣ್ಣ ಇವೆಯಾ ನೋಡಬೇಕು. ಯು ಆಕಾರದ, ಬಾಗುಗೆರೆಯ ಬಿಲಗಳಿದ್ದರೆ ಸಮುದ್ರದ ಕಡೆ ವಾಲಬಹುದು.

ಉಪ್ಪಿನ ಪ್ರಮಾಣ ಹೇಳುವುದು ಹೆಚ್ಚಾಗಿ ಮೇಲಿನ ಮರಳು, ಕೆಸರು ಪದರಗಳೇ. ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಾಲ್ಟಿಕ್ ಸಮುದ್ರದ ಜೀವಿಗಳನ್ನು ಎಣಿಸಿದ ಆಡಾಲ್ಫ್ ರೆಮಾನೆ 1934ರಲ್ಲಿ ಒಂದು ವಿಚಿತ್ರ ತೋರಿಸಿದರು. ಉಪ್ಪು 5ರಿಂದ 8 ಗ್ರಾಂ ಇರುವಲ್ಲಿ ಜೀವಿಗಳ ಬಗೆ ಅತಿ ಕಡಿಮೆ. ಸಮುದ್ರದವಕ್ಕೆ ಅದು ತೀರಾ ಸಪ್ಪೆ, ಸಿಹಿನೀರಿನವಕ್ಕೆ ತೀರಾ ಉಪ್ಪು. ಅಳಿವೆಯಲ್ಲಿ ಆ ಉಪ್ಪು ದಿನಕ್ಕೆರಡು ಸಲ ಉಬ್ಬರದ ಜೊತೆ ಏರಿಳಿಯುವುದೂ ಉಂಟು. ಹಾಗಾಗಿ ಅಳಿವೆಯ ಪದರಗಳಲ್ಲಿ ಬಿಲದ ಬಗೆ ಕಡಿಮೆ, ಗಾತ್ರ ಸಣ್ಣದು, ಆಕಾರ ಸರಳ. ಆದರೆ ಇರುವ ಒಂದೆರಡು ಬಗೆ ಮಾತ್ರ ಗಿಜಿಗಿಜಿ ತುಂಬಿರುತ್ತವೆ. ಬದುಕಲು ಒಗ್ಗಿದವಕ್ಕೆ ಅಲ್ಲಿ ಪೈಪೋಟಿಯೇ ಇಲ್ಲ. ಇದರ ಜೊತೆಗೆ ಉಬ್ಬರ ಇಳಿತ ಕೂರಿಸಿದ ತೆಳು ಮರಳು, ತೆಳು ಕೆಸರಿನ ಜೋಡಿ ಪದರಗಳು ಸಿಕ್ಕರೆ ಇನ್ನೂ ಒಳ್ಳೆಯದು.

ಅಳಿವೆಯ ಯಾವ ಭಾಗ ಎನ್ನುವುದಕ್ಕೂ ಸುಳಿವಿದೆ. ಭೂವಿಜ್ಞಾನಿಗಳಾದ ಡಾಲ್ರಿಂಪಲ್, ಜೈಟ್ಲಿನ್, ಬಾಯ್ಡ್ 1992ರಲ್ಲಿ ಕೊಟ್ಟ ಚಿತ್ರದ ಪ್ರಕಾರ, ಅಲೆಯ ಜೋರಿರುವ ಅಳಿವೆಯಲ್ಲಿ ಬಾಯಿಯ ಹತ್ತಿರ ಸಮುದ್ರ ತಂದ ಮರಳು, ನಡುವೆ ನಿಂತ ನೀರಿನ ಕೆಸರು, ಒಳಗಡೆ ನದಿ ತಂದ ಮರಳಿನ ಮುಖಜಭೂಮಿ ಇರುತ್ತದೆ. ಬಾಯಿಯ ಮರಳಿನಲ್ಲಿ ಬಿಲದ ಬಗೆ ಜಾಸ್ತಿ, ದೊಡ್ಡವೂ ಹೌದು. ಒಳಗೆ ಹೋದಂತೆ ಎರಡೂ ಕುಗ್ಗುತ್ತವೆ. ಹಾಗಾಗಿ ನಿಮ್ಮ ಕೋರ್‌ನಲ್ಲಿ ಗಟ್ಟಿ ನೆಲದ ಗೆರೆಯಿಂದ ಮೇಲಕ್ಕೆ ಹೋಗುತ್ತಾ ಬಿಲಗಳು ದೊಡ್ಡದಾಗಿ, ಬಗೆ ಹೆಚ್ಚುತ್ತಾ ಬಂದರೆ, ಸಮುದ್ರ ಇನ್ನೂ ಒಳಗೆ ಬರುತ್ತಲೇ ಇತ್ತು ಎಂದು ಓದಬಹುದು.

ಕಣಿವೆಯ ತಳದಲ್ಲಿ ಕೆಸರಿನ ಬದಲು ಹಳೇ ಜೌಗಿನ ಪೀಟ್ (ಅರೆ ಕೊಳೆತ ಗಿಡಮರಗಳ ರಾಶಿ) ಪದರ, ಈಗಿನ ಕಲ್ಲಿದ್ದಲು, ಇದ್ದರೂ ಇದೇ ಉಪಾಯ ನಡೆಯುತ್ತದೆ. ಮರ ಕೊರೆಯುವ ಚಿಪ್ಪುಜೀವಿಗಳು ಅದರಲ್ಲಿ ಬಿಡುವ ಗುಂಡಿಗಳಿಗೆ ಟೆರೆಡೊಲೈಟಿಸ್ ಎನ್ನುತ್ತಾರೆ. ಅವೂ ಉಪ್ಪುನೀರು ಬಂದದ್ದನ್ನು ಹೇಳುತ್ತವೆ. ಆದರೆ ಕೊರೆದಿರುವುದು ಅಲ್ಲೇ ಬೆಳೆದ ಪದರವನ್ನಾ, ತೇಲಿಬಂದ ಮರದ ದಿಮ್ಮಿಯನ್ನಾ ನೋಡಿ. ದಿಮ್ಮಿ ಎಲ್ಲೋ ಸಮುದ್ರದಲ್ಲಿ ತೂತಾಗಿ, ಉಬ್ಬರದಲ್ಲಿ ತೇಲಿ ಬಂದು ಇಲ್ಲಿ ಬಿದ್ದಿರಬಹುದು.

ಇಷ್ಟು ಇಟ್ಟುಕೊಂಡು ಆ ಫೋಟೋಗೆ ವಾಪಸ್ ಹೋಗಿ. ಸಾಧ್ಯವಾದರೆ ಫೋಟೋ ಬಿಟ್ಟು ಕೋರನ್ನೇ ಕೇಳಿ ನೋಡಿ. ಒಣ ಕೋರ್‌ನಲ್ಲಿ ಕೆಸರುಕಲ್ಲಿನ ಗೆರೆಗಳು ಕಾಣುವುದಿಲ್ಲ, ನೀರು ಚಿಮುಕಿಸಿದರೆ ಎದ್ದು ಬರುತ್ತವೆ. ಬಿಲ ಕಡಿದ ಜಾಗದಲ್ಲಿ ಆ ಗೆರೆಗಳು ಬಾಗಿವೆಯಾ, ತುಂಡಾಗಿವೆಯಾ ಎಂದು ಮೊದಲು ನೋಡಿ. ಕೆಸರು, ಮರಳು ಸೇರುವ ಗೆರೆಯಿಂದ ಕೆಳಗೆ ಒಂದು ಮೀಟರ್‌ವರೆಗಾದರೂ ಒಂಟಿ ಮರಳಿನ ವೃತ್ತಗಳನ್ನು ಹುಡುಕಿ. ಆಮೇಲೆ ಅದೇ ಕ್ಷೇತ್ರದ ಇನ್ನೂ ಎರಡು ಮೂರು ಕೋರ್ ತೆಗೆಸಿ, ಅದೇ ಮಟ್ಟದಲ್ಲಿ ಅದೇ ಗೆರೆ ಇದೆಯಾ ನೋಡಿ. ಇದ್ದರೆ, ಮೇಲಿನ ಮರಳೂ ಅಳಿವೆಯ ಗುರುತು ತೋರಿದರೆ, ಆ ಬರಹದ ಎರಡನೇ ಅರ್ಧವನ್ನೂ ಧೈರ್ಯವಾಗಿ ಒಪ್ಪಿಕೊಳ್ಳಬಹುದು. ಇಲ್ಲದಿದ್ದರೆ ಮೊದಲ ಅರ್ಧಕ್ಕೆ ನಿಲ್ಲಿಸಿ.